ಮರೆತುಬಿಡುವವರು, ಬರೆದಿಡುವವರು: ಜಪಾನಿನ ಹೊಸ ಧಾರಾವಾಹಿಗಳ ಮೊದಲ ಕಂತುಗಳನ್ನು ಕುರಿತು

ಜಪಾನಿನ ದೂರದರ್ಶನಕ್ಕೆ ವರ್ಷದಲ್ಲಿ ನಾಲ್ಕು ಹಂಗಾಮುಗಳು. ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಹಳೆಯ ಧಾರಾವಾಹಿಗಳು ಮುಗಿದು ಹೊಸವು ತೊಡಗುತ್ತವೆ. ವಾರಕ್ಕೊಂದು ಕಂತು, ಒಟ್ಟು ಹತ್ತು ಅಥವಾ ಹನ್ನೊಂದು ವಾರ. ಬಹುಪಾಲು ಧಾರಾವಾಹಿಗಳ ಕಥೆ ಅಷ್ಟರಲ್ಲಿ ಮುಗಿಯಬೇಕು. 2024ರ ಏಪ್ರಿಲ್‌ನಲ್ಲಿ ತೊಡಗಿದ ವಸಂತದ ಹಂಗಾಮಿನ ಕೆಲವು ಧಾರಾವಾಹಿಗಳ ಆರಂಭದ ಕಂತುಗಳನ್ನು ಇಂಗ್ಲಿಷ್ ಅಡಿಬರಹಗಳ ನೆರವಿನಿಂದ ನೋಡಿದ ಮೇಲೆ ನನಗೆ ತೋರಿದ್ದನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಕನ್ನಡ ವಿಭಾಗದ ಪತ್ರಿಕೆಯಲ್ಲಿ ಜಪಾನಿನ ಧಾರಾವಾಹಿಗೇನು ಕೆಲಸ ಎಂಬ ಪ್ರಶ್ನೆ ಸಹಜವಾದದ್ದು. ನಾವು ತರಗತಿಯಲ್ಲಿ ಸಂಧಿ, ಅರ್ಥಪ್ರಕೃತಿ, ರಸ, ಔಚಿತ್ಯ ಎಂದು ಪಾಠ ಹೇಳುತ್ತೇವೆ. ನೀವು ಅವನ್ನು ಟಿಪ್ಪಣಿ ಮಾಡಿಕೊಂಡು ಉತ್ತರಪತ್ರಿಕೆಯಲ್ಲಿ ಬರೆಯುತ್ತೀರಿ. ಅಲ್ಲಿಗೆ ಅವುಗಳ ಆಯುಷ್ಯ ಮುಗಿಯಿತೆಂದೇ ಹೆಚ್ಚಿನವರ ಭಾವನೆ. ಪಠ್ಯಪುಸ್ತಕದ ಹೊರಗೆ ಕಾಲಿಟ್ಟೊಡನೆ ನಾವು ನೋಡುವ ಕಥೆಗಳನ್ನು ‘ಚೆನ್ನಾಗಿದೆ’, ‘ಬೋರು’ ಎಂಬ ಎರಡೇ ಮಾತುಗಳಿಂದ ಅಳೆಯುತ್ತೇವೆ. ನಮ್ಮ ಮೀಮಾಂಸೆಯ ಅಳತೆಗೋಲು ನಿಜವಾಗಿ ಗಟ್ಟಿಯಾಗಿದ್ದರೆ ಅದು ದೂರದ ದೇಶದ, ಬೇರೆ ನುಡಿಯ, ಈ ವರ್ಷದ ಕಥೆಯನ್ನೂ ಅಳೆಯಬೇಕು. ಅಳೆಯಬಲ್ಲದೇ ಎಂಬುದನ್ನು ಪರೀಕ್ಷಿಸಲು ಮುಗಿದ ಕೃತಿಗಿಂತ ಈಗತಾನೆ ತೊಡಗಿದ ಕೃತಿ ಮೇಲು. ಅದರ ಬಗ್ಗೆ ವಿಮರ್ಶಕರ ತೀರ್ಪು ಇನ್ನೂ ಬಂದಿರುವುದಿಲ್ಲ. ನಮ್ಮ ಕಣ್ಣನ್ನೇ ನಾವು ನಂಬಬೇಕಾಗುತ್ತದೆ.

ಮೊದಲು ಈ ಧಾರಾವಾಹಿಗಳ ಏರ್ಪಾಟನ್ನು ಸ್ವಲ್ಪ ತಿಳಿಯೋಣ. ಖಾಸಗಿ ವಾಹಿನಿಗಳ ಪ್ರಮುಖ ಧಾರಾವಾಹಿಗಳು ರಾತ್ರಿ ಒಂಬತ್ತು ಅಥವಾ ಹತ್ತು ಗಂಟೆಗೆ ಬರುತ್ತವೆ. ಫುಜಿ ವಾಹಿನಿಯ ಸೋಮವಾರ ರಾತ್ರಿ ಒಂಬತ್ತರ ಹೊತ್ತು ಪ್ರೇಮಕಥೆಗಳಿಗೆ ಹೆಸರಾದದ್ದು. 1991ರ ‘ಟೋಕಿಯೊ ಲವ್ ಸ್ಟೋರಿ’ ಬಂದದ್ದು ಆ ಹೊತ್ತಿನಲ್ಲೇ. ಟಿಬಿಎಸ್ ವಾಹಿನಿಯ ಭಾನುವಾರ ರಾತ್ರಿ ಒಂಬತ್ತರ ಹೊತ್ತು ಅಧಿಕಾರ, ಅನ್ಯಾಯ, ಸೇಡುಗಳ ದೊಡ್ಡ ದನಿಯ ಕಥೆಗಳದು. ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಎನ್‌ಎಚ್‌ಕೆಯ ಕ್ರಮವೇ ಬೇರೆ. 1961ರಿಂದ ನಡೆದುಬಂದಿರುವ ಅದರ ಮುಂಜಾನೆಯ ಧಾರಾವಾಹಿ ದಿನಕ್ಕೆ ಹದಿನೈದೇ ನಿಮಿಷದ್ದು; ಈಗ ವಾರಕ್ಕೆ ಐದು ದಿನದಂತೆ ಸುಮಾರು ಆರು ತಿಂಗಳು ನಡೆಯುತ್ತದೆ. ಅಡುಗೆಮನೆಯಲ್ಲಿ ಕೆಲಸ ಮಾಡುತ್ತಲೇ ಕಿವಿಯಿಂದ ಹಿಂಬಾಲಿಸುವವರೂ ಇರುವುದರಿಂದ ಅದರಲ್ಲಿ ನಿರೂಪಕರ ದನಿಗೆ ವಿಶೇಷ ಸ್ಥಾನ. ಒಂದು ವರ್ಷ ನಡೆದ ‘ಓಶಿನ್’ (1983–84) ಈ ಸಾಲಿನದೇ; ಜಪಾನಿನಲ್ಲಿ ಅದರ ಸರಾಸರಿ ವೀಕ್ಷಣೆ ಶೇಕಡಾ 52.6ರಷ್ಟಿತ್ತು. ಇನ್ನೊಂದು, ಭಾನುವಾರ ರಾತ್ರಿಯ ‘ತಾಯ್ಗಾ’ ಎಂಬ ಐತಿಹಾಸಿಕ ಧಾರಾವಾಹಿ. 1963ರಲ್ಲಿ ತೊಡಗಿದ ಈ ಪರಂಪರೆಯಲ್ಲಿ ಒಂದೊಂದು ಕಥೆ ಸಾಮಾನ್ಯವಾಗಿ ಇಡೀ ವರ್ಷ ನಡೆಯುತ್ತದೆ.

ಇವುಗಳೆಲ್ಲಕ್ಕೂ ಸಮಾನವಾದ ಗುಣವೆಂದರೆ ಮಿತಿ. ಎಷ್ಟು ಕಂತು ಎಂಬುದು ಬರೆಯುವವರಿಗೆ ಹೆಚ್ಚುಕಡಿಮೆ ಮೊದಲೇ ಗೊತ್ತು. ನಮ್ಮ ಮನೆಗಳಲ್ಲಿ ಸಂಜೆ ಓಡುವ ಮರಾಠಿ, ಕನ್ನಡ ಧಾರಾವಾಹಿಗಳಿಗೆ ಈ ಭಾಗ್ಯವಿಲ್ಲ. ಜನ ನೋಡುವ ತನಕ ಅವು ನಡೆಯಬೇಕು. ಆದ್ದರಿಂದ ಅವುಗಳಲ್ಲಿ ಮುಖಸಂಧಿಯುಂಟು, ನಿರ್ವಹಣಸಂಧಿಯಿಲ್ಲ. ಬರೆಯುವವರ ಪ್ರತಿಭೆಯ ಕೊರತೆಯನ್ನು ಇಲ್ಲಿ ದೂರುತ್ತಿಲ್ಲ. ಕೊನೆ ಎಲ್ಲಿದೆಯೆಂದು ತಿಳಿಯದವನು ಆರಂಭದಲ್ಲಿ ಏನನ್ನು ಬಿತ್ತಬೇಕೆಂದು ಹೇಗೆ ತಾನೆ ನಿರ್ಧರಿಸಿಯಾನು? ಜಪಾನಿನಲ್ಲಿ ಕಥೆಯ ಕಟ್ಟನ್ನು ವಿವರಿಸಲು ‘ಕಿ-ಶೋ-ತೆನ್-ಕೆತ್ಸು’ ಎಂಬ ನಾಲ್ಕು ಹಂತಗಳ ಕ್ರಮವನ್ನು ಹೇಳುತ್ತಾರೆ: ಎತ್ತುಗಡೆ, ಮುಂದುವರಿಕೆ, ತಿರುವು, ಕೂಡಿಕೆ. ಚೀನೀ ಚೌಪದಿಯಿಂದ ಬಂದ ಕ್ರಮವಿದು. ಭರತನ ಐದು ಸಂಧಿಗಳಿಗೂ ಇದಕ್ಕೂ ವ್ಯತ್ಯಾಸವಿದ್ದರೂ ಎರಡೂ ಕಡೆ ಒಂದು ಒಪ್ಪಂದವಿದೆ: ಕೊನೆಗೆ ಫಲಿಸಬೇಕಾದದ್ದು ಮೊದಲಿನಲ್ಲಿ ಸಣ್ಣದಾಗಿ ಇರಬೇಕು. ನಾಟ್ಯಶಾಸ್ತ್ರ ಅದನ್ನು ಬೀಜ ಎನ್ನುತ್ತದೆ. ಮೊದಲ ಕಂತನ್ನು ನೋಡುವಾಗ ನಾನು ಕೇಳಿಕೊಂಡ ಪ್ರಶ್ನೆ ಇದೊಂದೇ: ಇಲ್ಲಿ ಬೀಜ ಬಿದ್ದಿದೆಯೋ, ಅಥವಾ ಬರೀ ಅಪಘಾತ ನಡೆದಿದೆಯೋ?

ಅಪಘಾತ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಈ ಹಂಗಾಮಿನ ಒಂದು ವಿಚಿತ್ರವೆಂದರೆ ನಾಲ್ಕು ಧಾರಾವಾಹಿಗಳು ಒಟ್ಟಿಗೇ ಸ್ಮೃತಿನಾಶವನ್ನು ವಸ್ತುವಾಗಿ ಆರಿಸಿಕೊಂಡಿವೆ. ‘366 ನಿಚಿ’ (366 ದಿನ) ಎಂಬುದರಲ್ಲಿ ಶಾಲೆಯ ದಿನಗಳ ಪ್ರೇಮಿಗಳು ಹನ್ನೆರಡು ವರ್ಷಗಳ ಮೇಲೆ ಮತ್ತೆ ಕೂಡುವ ಹೊತ್ತಿಗೆ ಯುವಕ ಅಪಘಾತಕ್ಕೆ ಸಿಲುಕಿ ಪ್ರಜ್ಞೆಯನ್ನೂ ಮುಂದೆ ನೆನಪನ್ನೂ ಕಳೆದುಕೊಳ್ಳುತ್ತಾನೆ. ‘9 ಬಾರ್ಡರ್’ನಲ್ಲಿ ಹತ್ತೊಂಬತ್ತು, ಇಪ್ಪತ್ತೊಂಬತ್ತು, ಮೂವತ್ತೊಂಬತ್ತು ವಯಸ್ಸಿನ ಮೂವರು ಅಕ್ಕತಂಗಿಯರಿದ್ದಾರೆ, ಅವರ ಕುಟುಂಬದ್ದು ಸಾರ್ವಜನಿಕ ಸ್ನಾನಗೃಹ. ಅವರ ಬದುಕಿನೊಳಗೆ ತಾನು ಯಾರೆಂದು ನೆನಪಿಲ್ಲದ ಗಂಡಸೊಬ್ಬ ಬರುತ್ತಾನೆ. ‘ಕುರುರಿ’ಯಲ್ಲಿ ನೆನಪು ಕಳೆದುಕೊಂಡ ತರುಣಿಯ ಕೈಯಲ್ಲಿ ಉಳಿದಿರುವುದು ಗಂಡಸಿನ ಅಳತೆಯ ಒಂದು ಉಂಗುರ; ಅದು ಯಾರಿಗೆಂದು ತಂದದ್ದು ಎಂಬುದೇ ಒಗಟು. ನಾಲ್ಕನೆಯದು ‘ಅನ್‌ಮೆಟ್’, ಅದರ ನಾಯಕಿ ಮಿಯಾಬಿ ಸ್ವತಃ ಮೆದುಳಿನ ಶಸ್ತ್ರವೈದ್ಯೆ. ಅಪಘಾತದಿಂದಾಗಿ ಹಿಂದಿನ ಎರಡು ವರ್ಷಗಳ ನೆನಪು ಅವಳಿಗಿಲ್ಲ. ಅದಕ್ಕಿಂತ ಕಠಿಣವೆಂದರೆ ಇಂದಿನದು ನಾಳೆಗೆ ಉಳಿಯುವುದಿಲ್ಲ.

ಉಂಗುರ ಎಂದೊಡನೆ ನಿಮಗೆ ‘ಶಾಕುಂತಲ’ ನೆನಪಾಗಿರಬೇಕು. ಮಹಾಭಾರತದ ದುಷ್ಯಂತ ಮರೆತವನಲ್ಲ. ತಿಳಿದೂ ತಿಳಿಯದವನಂತೆ ನಡೆದುಕೊಂಡವನು. ದೂರ್ವಾಸನ ಶಾಪವನ್ನೂ ಉಂಗುರವನ್ನೂ ತಂದು ಮರೆವನ್ನು ನಾಟಕದ ನಡುವಿಗೆ ಇಟ್ಟದ್ದು ಕಾಳಿದಾಸನ ಕೆಲಸ. ಗಡಿಯ ಈಚೆ 1880ರಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರರು ಆ ನಾಟಕದಿಂದಲೇ ಮರಾಠಿ ಸಂಗೀತರಂಗಭೂಮಿಗೆ ಹೊಸ ದಾರಿ ತೆರೆದರು. ಅವರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಮೈಸೂರಿನಲ್ಲಿ ಬಸವಪ್ಪ ಶಾಸ್ತ್ರಿಗಳು ಅದನ್ನೇ ಕನ್ನಡಿಸಿ ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಎರಡೂ ನುಡಿಗಳ ರಂಗಭೂಮಿಯನ್ನು ಹಿಡಿದಿಟ್ಟ ಆ ಮರೆವು ನಾಟಕದ ಯಾವ ಜಾಗದಲ್ಲಿ ಬರುತ್ತದೆ ಎಂಬುದನ್ನು ಗಮನಿಸಿ. ಶಾಪ ಬೀಳುವುದು ನಾಲ್ಕನೆಯ ಅಂಕದಲ್ಲಿ. ಅಷ್ಟರೊಳಗೆ ಆಶ್ರಮದ ಪ್ರೀತಿಯನ್ನು ನಾವು ಮೂರು ಅಂಕಗಳ ಕಾಲ ನೋಡಿದ್ದೇವೆ. ರಾಜ ಮರೆತದ್ದು ನಮಗೆ ನೆನಪಿರುವುದರಿಂದಲೇ ಐದನೆಯ ಅಂಕದ ಸಭೆ ಅಷ್ಟು ಕಠಿಣವಾಗುತ್ತದೆ.

ಈ ಅಳತೆಯಿಂದ ನೋಡಿದರೆ ‘366 ನಿಚಿ’ ಮತ್ತು ‘9 ಬಾರ್ಡರ್’ ಸದ್ಯಕ್ಕೆ ದುರ್ಬಲವಾಗಿ ಕಾಣುತ್ತವೆ. ಮೊದಲನೆಯದರಲ್ಲಿ ಪ್ರೀತಿ ನಮ್ಮದಾಗುವ ಮೊದಲೇ ಅಪಘಾತ ಬಂದುಬಿಡುತ್ತದೆ. ಕಣ್ಣೀರು ಬರಿಸುವ ಹಾಡು, ಮಳೆ, ಆಸ್ಪತ್ರೆಯ ಓಣಿ ಎಲ್ಲವೂ ಇವೆ. ಕಳೆದುಹೋದದ್ದರ ತೂಕ ಮಾತ್ರ ನಮಗೆ ತಿಳಿಯುವುದಿಲ್ಲ. ಎರಡನೆಯದರಲ್ಲಿ ಅಕ್ಕತಂಗಿಯರ ಮಾತುಕತೆ ಜೀವಂತವಾಗಿದೆ. ಹತ್ತರ ಹೊಸ್ತಿಲಲ್ಲಿ ನಿಂತ ಮೂರು ವಯಸ್ಸುಗಳನ್ನು ಒಂದೇ ಮನೆಯಲ್ಲಿ ಇಟ್ಟದ್ದು ಒಳ್ಳೆಯ ಬೀಜ. ಹಾಗಿರುವಾಗ ನೆನಪಿಲ್ಲದ ಅತಿಥಿ ಏಕೆ ಬೇಕಿತ್ತು? ಅವನಿಲ್ಲದೆಯೂ ಆ ಮನೆಗೆ ಹತ್ತು ವಾರದ ಕಥೆಯಿತ್ತು. ‘ಕುರುರಿ’ ಇವೆರಡಕ್ಕಿಂತ ಚತುರವಾದದ್ದು. ಇಲ್ಲಿ ಮರೆತವಳು ಹೆಣ್ಣು. ‘ನಾನೇ ನಿನ್ನವನು’ ಎಂಬ ಧಾಟಿಯಲ್ಲಿ ಅವಳ ಸುತ್ತ ನಿಲ್ಲುವವರು ಗಂಡಸರು. ಶಾಕುಂತಲದ ಸಭೆಯನ್ನು ತಿರುಗಿಸಿ ಹಿಡಿದಂತಿದೆ. ಮರೆತದ್ದರಿಂದಲೇ ಅವಳಿಗೆ ತನ್ನ ಹಳೆಯ ಅಂಜುಬುರುಕ ಸ್ವಭಾವದಿಂದ ಬಿಡುಗಡೆ ಸಿಗುತ್ತಿರುವಂತೆ ತೋರುತ್ತದೆ. ಆದರೆ ಒಗಟು ಬಿಡಿಸುವ ಆತುರದಲ್ಲಿ ಈ ಸೂಕ್ಷ್ಮ ಉಳಿಯುತ್ತದೆಯೇ ಎಂಬ ಅನುಮಾನ ನನಗಿದೆ.

‘ಅನ್‌ಮೆಟ್’ ಬೇರೆ ಜಾತಿಯದು. ಮಿಯಾಬಿ ಪ್ರತಿದಿನ ಬೆಳಿಗ್ಗೆ ಎದ್ದು ತನ್ನ ದಿನಚರಿಯನ್ನು ಓದುತ್ತಾಳೆ. ತಾನು ಯಾರು, ತನಗೆ ಏನಾಗಿದೆ, ನಿನ್ನೆ ಯಾವ ರೋಗಿಗೆ ಏನು ಹೇಳಿದೆ ಎಂಬುದನ್ನೆಲ್ಲ ಅಕ್ಷರದಿಂದ ತಿಳಿದುಕೊಂಡು ಆಸ್ಪತ್ರೆಗೆ ಹೋಗುತ್ತಾಳೆ. ರಾತ್ರಿ ಮತ್ತೆ ಬರೆಯುತ್ತಾಳೆ. ಮೊದಲ ಕಂತಿನ ರೋಗಿ ಒಬ್ಬ ನಟಿ. ಮೆದುಳಿಗೆ ಬಿದ್ದ ಪೆಟ್ಟು ಅವಳ ಮಾತನ್ನೇ ಕಸಿದುಕೊಂಡಿದೆ. ನೆನಪಿಲ್ಲದ ವೈದ್ಯೆಯ ಎದುರು ಮಾತಿಲ್ಲದ ನಟಿ: ಮುಖಸಂಧಿಯಲ್ಲಿ ಬೀಜ ಬಿತ್ತುವುದೆಂದರೆ ಇದು. ನೆನಪಿಲ್ಲದವಳು ಚಿಕಿತ್ಸೆಗೆ ಕೈಹಾಕಬಾರದೆಂದು ಮಿಯಾಬಿ ತಾನೇ ಹಿಂದೆ ಸರಿದು ನಿಂತವಳು. ಹೊಸದಾಗಿ ಬಂದ ವೈದ್ಯ ಸಾನ್‌ಪೇ ಅವಳನ್ನು ಮತ್ತೆ ಕೆಲಸಕ್ಕೆ ಎಳೆಯುತ್ತಾನೆ. ಗಾಢವಾದ ಭಾವ ಮರೆಯುವುದಿಲ್ಲ, ನೆನಪು ಹೋದರೂ ಮನಸ್ಸು ಅದನ್ನು ಇಟ್ಟುಕೊಂಡಿರುತ್ತದೆ ಎಂಬುದು ಅವನ ನಂಬಿಕೆ. ಐದನೆಯ ಅಂಕದ ಆರಂಭದಲ್ಲಿ ಹಂಸಪದಿಕೆಯ ಹಾಡು ಕೇಳಿ, ಕಾರಣ ತಿಳಿಯದೆ ಕಳವಳಗೊಳ್ಳುವ ದುಷ್ಯಂತನನ್ನು ಪಾಠದಲ್ಲಿ ಓದಿದವರಿಗೆ ಈ ಮಾತು ಅಪರಿಚಿತವಲ್ಲ. ಮೂಲ ಮಾಂಗಾ, ಎಂದರೆ ಚಿತ್ರಕಥಾಮಾಲೆ, ಹಿಂದೆ ಮೆದುಳಿನ ಶಸ್ತ್ರವೈದ್ಯರಾಗಿದ್ದವರು ಹೆಣೆದ ಕಥೆ. ಅಲ್ಲಿ ಸಾನ್‌ಪೇ ನಾಯಕ. ಧಾರಾವಾಹಿ ಮಿಯಾಬಿಯನ್ನು ಮುಂದಕ್ಕೆ ತಂದಿದೆ. ಸುಗಿಸಾಕಿ ಹಾನಾ ಅವರ ಅಭಿನಯದಲ್ಲಿ ಅಳು ಕಡಿಮೆ, ಕೇಳಿಸಿಕೊಳ್ಳುವುದು ಹೆಚ್ಚು. ಈ ಬದಲಾವಣೆ ಸರಿಯಾದುದೆಂದು ಆರಂಭದ ಕಂತುಗಳಿಂದಲೇ ಹೇಳಬಹುದು.

ನಾಲ್ಕೂ ಕಥೆಗಳಲ್ಲಿ ಮರೆವು ಒಂದೇ. ಒಂದರಲ್ಲಿ ಮಾತ್ರ ಮರೆವಿಗೆ ಎದುರಾಗಿ ಒಂದು ನಿತ್ಯದ ಕೆಲಸವಿದೆ, ಮತ್ತು ಆ ಕೆಲಸ ಬರವಣಿಗೆ. ಈ ಹಂಗಾಮಿನಲ್ಲಿ ನನ್ನ ಮನಸ್ಸನ್ನು ಹಿಡಿದ ಉಳಿದೆರಡು ಧಾರಾವಾಹಿಗಳೂ ಓದು ಬರಹವನ್ನೇ ಕುರಿತವು. ಇದು ಕನ್ನಡದ ಮೇಷ್ಟರ ಪಕ್ಷಪಾತವೆಂದು ನೀವು ಹೇಳಿದರೆ ಅಲ್ಲಗಳೆಯಲಾರೆ, ಕಾರಣಗಳನ್ನಷ್ಟೇ ಕೊಡಬಲ್ಲೆ.

ಮುಂಜಾನೆಯ ಧಾರಾವಾಹಿ ‘ತೊರಾ ನಿ ತ್ಸುಬಾಸಾ’, ಎಂದರೆ ‘ಹುಲಿಗೆ ರೆಕ್ಕೆ’. ಚೀನಾದ ಪ್ರಾಚೀನ ಚಿಂತಕ ಹಾನ್ ಫೇಯಿಯ ಗ್ರಂಥದಿಂದ ಬಂದ ನುಡಿಗಟ್ಟು. ಮೊದಲೇ ಬಲವಿದ್ದವರಿಗೆ ಇನ್ನಷ್ಟು ಬಲ ಕೂಡುವುದು ಎಂಬುದು ಅದರ ಅರ್ಥ. ನಾಯಕಿ ತೋಮೊಕೊಳ ಪಾತ್ರಕ್ಕೆ ಮಾದರಿ ಮಿಬುಚಿ ಯೋಶಿಕೊ ಅವರು. 1914ರಲ್ಲಿ, ಹುಲಿಯ ವರ್ಷದಲ್ಲಿ ಹುಟ್ಟಿದ ಅವರು 1938ರಲ್ಲಿ ನ್ಯಾಯಾಂಗ ಪರೀಕ್ಷೆಯಲ್ಲಿ ತೇರ್ಗಡೆಯಾದ ಜಪಾನಿನ ಮೊದಲ ಮೂವರು ಮಹಿಳೆಯರಲ್ಲಿ ಒಬ್ಬರು. 1940ರಲ್ಲಿ ವಕೀಲರಾದರು, ಮುಂದೆ ನ್ಯಾಯಾಧೀಶೆಯಾಗಿ 1972ರಲ್ಲಿ ನೀಗಾತಾದ ಕೌಟುಂಬಿಕ ನ್ಯಾಯಾಲಯದ ಮುಖ್ಯಸ್ಥರಾದರು. ಜಪಾನಿನ ಮಹಿಳೆಯರಿಗೆ ವಕೀಲಿಯ ಬಾಗಿಲು ತೆರೆದ ಕಾನೂನು 1933ರದು. ನಾಸಿಕದಲ್ಲಿ ಹುಟ್ಟಿದ ಕಾರ್ನೇಲಿಯಾ ಸೊರಾಬ್ಜಿಯವರು 1892ರಲ್ಲೇ ಆಕ್ಸ್‌ಫರ್ಡಿನಲ್ಲಿ ಕಾನೂನಿನ ಪರೀಕ್ಷೆ ಬರೆದಿದ್ದರೂ ನಮ್ಮಲ್ಲಿ ಅದಕ್ಕೆ ಬೇಕಾದ ಕಾಯಿದೆ ಬರಲು 1923ರ ತನಕ ಕಾಯಬೇಕಾಯಿತು. ಎರಡು ದೇಶಗಳ ನಡುವಿನ ಅಂತರ ಹತ್ತೇ ವರ್ಷ.

ಮೊದಲ ಕಂತಿನ ಮೊದಲ ದೃಶ್ಯವನ್ನು ಕಥೆ ಕಟ್ಟುವ ಕಲೆಯ ಪಾಠವಾಗಿ ನೋಡಬಹುದು. ಯುದ್ಧ ಮುಗಿದಿದೆ. ನದಿಯ ದಂಡೆಯಲ್ಲಿ ಒಬ್ಬ ಹೆಂಗಸು ಕುಳಿತು ವೃತ್ತಪತ್ರಿಕೆ ಓದುತ್ತಾ ಅಳುತ್ತಿದ್ದಾಳೆ. ಪತ್ರಿಕೆಯಲ್ಲಿರುವುದು 1946ರಲ್ಲಿ ಪ್ರಕಟವಾದ ಹೊಸ ಸಂವಿಧಾನ. ಕಾನೂನಿನೆದುರು ಎಲ್ಲರೂ ಸಮಾನರು, ಲಿಂಗಭೇದದಿಂದ ಯಾರನ್ನೂ ಬೇರೆಯಾಗಿ ಕಾಣಬಾರದು ಎನ್ನುವ ಅದರ ಹದಿನಾಲ್ಕನೆಯ ವಿಧಿಯನ್ನು ನಿರೂಪಕಿಯ ದನಿ ಓದುತ್ತದೆ. ನಮ್ಮ ಸಂವಿಧಾನದಲ್ಲಿಯೂ ಕಾನೂನಿನೆದುರಿನ ಸಮಾನತೆ ಹದಿನಾಲ್ಕನೆಯ ಅನುಚ್ಛೇದದಲ್ಲೇ ಇದೆ. ಅದು ಆಕಸ್ಮಿಕವಾದರೂ ನೆನಪಿಡಲು ಅನುಕೂಲ. ಅಲ್ಲಿಂದ ಕಥೆ 1931ಕ್ಕೆ ಹಿಂದೆ ಹೋಗುತ್ತದೆ. ಹುಡುಗಿಗೆ ವರ ನೋಡುತ್ತಿದ್ದಾರೆ, ಅವಳಿಗೆ ಮನಸ್ಸಿಲ್ಲ. ರಾತ್ರಿ ಕಾಲೇಜಿನಲ್ಲಿ ಓದುವ ಪರಿಚಿತನೊಬ್ಬನಿಗೆ ಬುತ್ತಿ ಕೊಡಲು ಹೋದವಳ ಕಿವಿಗೆ ತರಗತಿಯೊಳಗಿನ ಒಂದು ಮಾತು ಬೀಳುತ್ತದೆ: ಮದುವೆಯಾದ ಹೆಂಗಸು ಕಾನೂನಿನ ಕಣ್ಣಿನಲ್ಲಿ ಅಸಮರ್ಥಳು. ಅಂದಿನ ಸಿವಿಲ್ ಸಂಹಿತೆಯ ಪ್ರಕಾರ ಹೆಂಡತಿ ಮುಖ್ಯವಾದ ವ್ಯವಹಾರಗಳಿಗೆ ಗಂಡನ ಒಪ್ಪಿಗೆ ಪಡೆಯಬೇಕಿತ್ತು. ತೋಮೊಕೊ ಅಲ್ಲಿ ‘ಹತೆ?’ ಎನ್ನುತ್ತಾಳೆ. ಮುಂದೆ ಪ್ರತಿ ಅನ್ಯಾಯದೆದುರೂ ಅವಳು ಎತ್ತುವ ಉದ್ಗಾರ ಅದೇ. ಕೂಗಾಟವಿಲ್ಲ, ಭಾಷಣವಿಲ್ಲ, ನಮ್ಮ ಕಡೆಯ ‘ಅದ್ಹ್ಯಾಂಗ?’ ಎಂಬಂಥ ಒಂದು ಪ್ರಶ್ನೆ.

ಮೊದಲ ವಾರದ ಕೊನೆಗೆ ಬರುವ ತಾಯಿಯ ಪ್ರಸಂಗವನ್ನು ನಾನು ಈ ಹಂಗಾಮಿನ ಅತ್ಯುತ್ತಮ ದೃಶ್ಯವೆಂದು ಹೇಳುತ್ತೇನೆ. ತಾಯಿ ಹಾರು ಮಗಳ ಕಾನೂನು ಓದಿಗೆ ವಿರೋಧಿ. ಹೆಣ್ಣಿನ ಸುಖ ಮದುವೆಯಲ್ಲಿದೆಯೆಂದು ನಂಬಿದವಳು, ಜಾಣೆ, ಮನೆಯ ಲೆಕ್ಕವನ್ನೆಲ್ಲ ಕೈಯಲ್ಲಿಟ್ಟುಕೊಂಡವಳು. ಸಿಹಿತಿಂಡಿಯ ಅಂಗಡಿಯಲ್ಲಿ ಒಬ್ಬ ನ್ಯಾಯಾಧೀಶ ಮಗಳಿಗೆ ‘ಇನ್ನೂ ಕಾಲ ಬಂದಿಲ್ಲ’ ಎಂದು ಬುದ್ಧಿ ಹೇಳುವುದನ್ನು ಅವಳು ಕೇಳಿಸಿಕೊಳ್ಳುತ್ತಾಳೆ. ತಾನೂ ಅದನ್ನೇ ಹೇಳುತ್ತಿದ್ದವಳು, ಅದೇ ಮಾತು ಅಧಿಕಾರದಲ್ಲಿರುವ ಗಂಡಸಿನ ಬಾಯಿಂದ ಬಂದಾಗ ಸಿಡಿದೇಳುತ್ತಾಳೆ. ಆಮೇಲೆ ಮಗಳಿಗೆ ಕಾನೂನಿನ ದಪ್ಪ ಸಂಹಿತೆಯೊಂದನ್ನು ಕೊಂಡು ಕೊಡುತ್ತಾಳೆ. ಮದುವೆಯ ಕಿಮೋನೊದ ಬದಲು ಒಂದು ಪುಸ್ತಕ. ಪಾತ್ರದ ಮನಸ್ಸು ತಿರುಗುವುದನ್ನು ಹೀಗೆ ಒಂದು ವಸ್ತುವಿನ ಮೂಲಕ ತೋರಿಸುವುದು ಹದಿನೈದು ನಿಮಿಷದ ಕಂತಿಗೆ ಬೇಕಾದ ಸಂಯಮ. ಮುಂದೆ ಕಾಲೇಜಿನಲ್ಲಿ ತೋಮೊಕೊಳಿಗೆ ಸಿಗುವ ಗೆಳತಿಯರೂ ಒಂದೇ ಅಚ್ಚಿನವರಲ್ಲ: ಸಿರಿವಂತ ಮನೆತನದವಳು, ಗಂಡಸಿನ ಉಡುಪು ತೊಡುವವಳು, ಕೊರಿಯಾದಿಂದ ಬಂದವಳು, ಮೂರು ಮಕ್ಕಳ ತಾಯಿ. ಅನ್ಯಾಯ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರುತ್ತದೆಂಬುದನ್ನು ಲೇಖಕಿ ಯೋಶಿದಾ ಎರಿಕಾ ಮೊದಲ ವಾರಗಳಲ್ಲೇ ಸ್ಥಾಪಿಸಿದ್ದಾರೆ.

ಇದೇ ಹಂಗಾಮಿನ ಇನ್ನೊಂದು ನ್ಯಾಯಾಲಯದ ಕಥೆ ‘ಆಂಟಿಹೀರೋ’. ಟಿಬಿಎಸ್‌ನ ಭಾನುವಾರದ ಧಾರಾವಾಹಿ. ಕೊಲೆಯ ಆರೋಪಿಯನ್ನು ಯಾವ ಉಪಾಯದಿಂದಾದರೂ ಬಿಡಿಸುವ ವಕೀಲ ಅದರ ನಾಯಕ. ವಿಚಾರಣೆಗೆ ಬಂದ ನೂರರಲ್ಲಿ 99ಕ್ಕೂ ಹೆಚ್ಚು ಪ್ರಕರಣಗಳಲ್ಲಿ ಶಿಕ್ಷೆಯಾಗುವ ದೇಶದಲ್ಲಿ ಈ ಪ್ರಶ್ನೆ ಎತ್ತುವುದಕ್ಕೆ ಅರ್ಥವಿದೆ, ಹಾಸೆಗಾವಾ ಹಿರೋಕಿ ಅವರ ಅಭಿನಯವೂ ಹರಿತವಾದದ್ದು. ಆದರೆ ಪ್ರತಿ ಹತ್ತು ನಿಮಿಷಕ್ಕೊಂದು ತಿರುವು ಬೇಕೆಂಬ ಹಟದಿಂದ ಅದು ನಮ್ಮನ್ನು ಬೆರಗುಗೊಳಿಸುತ್ತದೆ, ಯೋಚಿಸಲು ಬಿಡುವು ಕೊಡುವುದಿಲ್ಲ. ತೋಮೊಕೊಳ ‘ಹತೆ?’ ನನ್ನ ಜೊತೆ ಮನೆಗೆ ಬರುತ್ತದೆ. ಈ ವಕೀಲನ ಜಾಣ್ಮೆ ಕಂತಿನೊಡನೆ ಮುಗಿಯುತ್ತದೆ.

ಜನವರಿಯಲ್ಲೇ ತೊಡಗಿ ವಸಂತದಲ್ಲಿಯೂ ನಡೆಯುತ್ತಿದ್ದ ತಾಯ್ಗಾ ಧಾರಾವಾಹಿ ‘ಹಿಕಾರು ಕಿಮಿ ಎ’ಯನ್ನು ನಮ್ಮ ವಿದ್ಯಾರ್ಥಿಗಳು ನೋಡಲೇಬೇಕು. ‘ಗೆಂಜಿಯ ಕಥೆ’ಯನ್ನು ಬರೆದ ಮುರಾಸಾಕಿ ಶಿಕಿಬು ಇದರ ನಾಯಕಿ. ಯುದ್ಧವೀರರ ಕಥೆಗಳಿಗೆ ಹೆಸರಾದ ಈ ಸಾಲಿನಲ್ಲಿ ಕುಂಚ ಹಿಡಿದವಳು ನಾಯಕಿಯಾಗಿದ್ದಾಳೆ. ಮುರಾಸಾಕಿಯ ನಿಜವಾದ ಹೆಸರು ಇತಿಹಾಸಕ್ಕೆ ಗೊತ್ತಿಲ್ಲ. ಧಾರಾವಾಹಿ ಅವಳನ್ನು ಮಾಹಿರೊ ಎಂದು ಕರೆದಿದೆ. ತಮ್ಮನಿಗೆ ಪಾಠವಾಗುತ್ತಿದ್ದ ಚೀನೀ ಗ್ರಂಥಗಳನ್ನು ಪಕ್ಕದಲ್ಲಿ ಕುಳಿತು ಕೇಳಿಯೇ ಅವಳು ಕಲಿತಳು; ‘ಇವಳು ಗಂಡಾಗಿ ಹುಟ್ಟಲಿಲ್ಲವಲ್ಲ’ಎಂದು ತಂದೆ ಕೊರಗಿದರು. ಇದನ್ನು ಮುರಾಸಾಕಿಯೇ ತನ್ನ ದಿನಚರಿಯಲ್ಲಿ ಬರೆದಿದ್ದಾಳೆ. ಧಾರಾವಾಹಿಯ ಆರಂಭದಲ್ಲಿ ಮಾಹಿರೊ ಊರಿನ ಜನರಿಗೆ ಪ್ರೇಮಕವಿತೆಗಳನ್ನು ಬರೆದುಕೊಡುವ ಕೆಲಸ ಮಾಡುತ್ತಾಳೆ. ಪರಕಾಯ ಪ್ರವೇಶವನ್ನು ಕಾದಂಬರಿಕಾರ್ತಿ ಕಲಿಯುವ ಮೊದಲ ಶಾಲೆ ಅದು. ಮುಂದಿನ ಮಹಾಕೃತಿಯ ಬೀಜ ಇಷ್ಟು ಸಣ್ಣ ಕೆಲಸದಲ್ಲಿ ಅಡಗಿದೆ.

ಆ ಕಾಲದ ಜಪಾನಿನಲ್ಲಿ ಚೀನೀ ಅಕ್ಷರ ಗಂಡಸಿನದು, ಆಡಳಿತದ್ದು, ಪಾಂಡಿತ್ಯದ್ದು. ಆಡುವ ಜಪಾನೀ ನುಡಿಯನ್ನು ಬರೆಯುವ ‘ಕಾನಾ’ ಲಿಪಿಗೆ ಹೆಂಗಸರ ಕೈಬರಹವೆಂದೇ ಹೆಸರು. ಮಾರ್ಗ ಮತ್ತು ದೇಸಿಗಳ ಬಗೆಗೆ ಓದಿದ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಗತ್ತಿನ ಆದಿಮ ಕಾದಂಬರಿಗಳಲ್ಲೊಂದೆಂದು ಎಣಿಸುವ ಕೃತಿ ಆ ದೇಸಿ ಕೈಯಿಂದ ಬಂತು. ಮುರಾಸಾಕಿಯ ದಿನಚರಿಯಲ್ಲಿ ಗೆಂಜಿಯ ಪ್ರಸ್ತಾಪ ಬರುವುದು 1008ರಲ್ಲಿ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆಯನ್ನು ಕೊಂಡಾಡುವ ಶಾಸನ 1007ರದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದವಳೆಂದು, ರನ್ನನಿಂದ ‘ಅಜಿತಪುರಾಣ’ ಬರೆಯಿಸಿದವಳೆಂದು ನಾವು ಅವಳನ್ನು ನೆನೆಯುತ್ತೇವೆ. ಒಂದೇ ಕಾಲದಲ್ಲಿ ಅಲ್ಲಿ ಒಬ್ಬಳು ಬರೆದಳು, ಇಲ್ಲಿ ಒಬ್ಬಳು ಬರೆಯಿಸಿದಳು. ಅತ್ತಿಮಬ್ಬೆ ತಾನೇ ಬರೆದದ್ದೊಂದು ನಮ್ಮ ಕೈಗೆ ಬಂದಿದ್ದರೆ ಎಂದು ನನಗೆ ಈ ಧಾರಾವಾಹಿ ನೋಡುವಾಗಲೆಲ್ಲ ಅನಿಸಿದೆ. ಕನ್ನಡದಲ್ಲಿ ಹೆಣ್ಣಿನ ದನಿ ತನ್ನ ಹೆಸರಿನಲ್ಲೇ ಕೇಳಿಸಲು ವಚನಕಾರ್ತಿಯರ ತನಕ ಕಾಯಬೇಕಾಯಿತು.

ಇನ್ನು ಅಡಿಬರಹದ ಮಾತು. ಎರಡು ನುಡಿಗಳಲ್ಲಿ ಶಾಲೆ ಕಲಿತ ನನ್ನಂಥವರಿಗೆ ಜಪಾನೀ ಮಾತು ಕೇಳುತ್ತಾ ಇಂಗ್ಲಿಷ್ ಅಡಿಬರಹ ಓದುವಾಗ ಒಂದು ಸಂಗತಿ ಬೇಗ ಎದ್ದು ಕಾಣುತ್ತದೆ: ಆ ಇಂಗ್ಲಿಷಿಗಿಂತ ಈ ಜಪಾನೀ ವಾಕ್ಯ ನಮಗೆ ಹತ್ತಿರದ್ದು. ಕನ್ನಡ, ಮರಾಠಿಗಳಂತೆ ಅಲ್ಲಿಯೂ ಕ್ರಿಯಾಪದ ಕೊನೆಗೆ ಬರುತ್ತದೆ. ‘ವಾತಾಶಿ ವಾ ಇಕಾನಾಯ್’ ಎಂದರೆ ‘ನಾನು ಹೋಗುವುದಿಲ್ಲ’. ‘ಇಲ್ಲ’ ಎಂಬುದು ಕಟ್ಟಕಡೆಗೆ. ನಟ ಆ ಕೊನೆಯ ಪದದ ಮೊದಲು ಒಂದು ಉಸಿರು ತಡೆದು ನಿಂತಾಗ ಇಂಗ್ಲಿಷ್ ಅಡಿಬರಹ ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿರುತ್ತದೆ. ಮನೆಯಿಂದ ಹೊರಡುವಾಗ ಜಪಾನೀಯರು ‘ಇತ್ತೆ ಕಿಮಾಸ್’ ಎನ್ನುತ್ತಾರೆ. ಪದಕ್ಕೆ ಪದ ‘ಹೋಗಿ ಬರುತ್ತೇನೆ’. ಮನೆಯಲ್ಲಿ ಉಳಿದವರು ಹೇಳುವುದೂ ‘ಹೋಗಿ ಬನ್ನಿ’ ಎಂದೇ. ‘ತಬೆತೆ ಮಿರು’ ಎಂದರೆ ‘ತಿಂದು ನೋಡು’, ಮರಾಠಿಯ ‘ಖಾಊನ್ ಬಘ್’. ‘ವಾಸುರೆತೆ ಶಿಮಾವು’ ಎಂದರೆ ‘ಮರೆತುಬಿಡು’. ‘ಕಾಯಿತೆ ಓಕು’ ಎಂದರೆ ‘ಬರೆದಿಡು’, ಮರಾಠಿಯ ‘ಲಿಹೂನ್ ಠೇವ್’. ಬರೆಯುವುದರ ಜೊತೆಗೆ ಇಡುವುದನ್ನೂ ಸೇರಿಸಿ ಹೇಳುವ ಈ ಕ್ರಿಯಾಪದವನ್ನು ಇಂಗ್ಲಿಷ್ ಹೇಗೆ ತಂದರೂ ಆ ಇಡುವಿಕೆಯ ಮುಂದಾಲೋಚನೆ ತಪ್ಪಿಹೋಗುತ್ತದೆ. ಮಿಯಾಬಿ ದಿನಚರಿ ಬರೆಯುವುದಿಲ್ಲ, ಬರೆದಿಡುತ್ತಾಳೆ.

ಗೌರವವಾಚಕಗಳ ಕಥೆಯೂ ಹೀಗೆಯೇ. ಅಲ್ಲಿ ‘ನಾನು’ ಎನ್ನಲು ಹಲವು ಪದಗಳಿವೆ. ಎದುರಿನವರ ಹಿರಿತನಕ್ಕೆ ತಕ್ಕಂತೆ ಕ್ರಿಯಾಪದವೇ ಬದಲಾಗುತ್ತದೆ. ಬಾ, ಬನ್ನಿ, ದಯಮಾಡಿಸಿ ಎಂಬ ಮೆಟ್ಟಿಲುಗಳುಳ್ಳ ಕನ್ನಡಕ್ಕೆ ಅದನ್ನು ಹಿಡಿಯುವ ಶಕ್ತಿಯಿದೆ. ಮಾಹಿರೊ ಅರಮನೆಯ ಮನೆತನದವನೊಡನೆ ಮಾತಾಡುವ ಬಗೆ, ತೋಮೊಕೊ ಪ್ರಾಧ್ಯಾಪಕರನ್ನು ಪ್ರಶ್ನಿಸುವ ಬಗೆ, ಇವೆಲ್ಲ ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಸಪಾಟಾಗುತ್ತವೆ. ಕನ್ನಡದ ಅಡಿಬರಹಗಳನ್ನು ಬರೆಯುವವರು ಬೇಕು. ಈ ಕೆಲಸಕ್ಕೆ ನುಡಿಯ ಹದ ಬಲ್ಲವರು ಯಾರು? ‘ಕನ್ನಡ ಐಚ್ಛಿಕ ತಗೊಂಡು ಏನು ಮಾಡ್ತೀ?’ ಎಂಬ ಪ್ರಶ್ನೆಯನ್ನು ಮನೆಯಲ್ಲಿಯೂ ಹೊರಗೂ ಎದುರಿಸುತ್ತಿರುವ ನೀವು, ಎರಡು ಮೂರು ನುಡಿಗಳ ನಡುವೆ ಹುಟ್ಟಿ ಬೆಳೆದವರು, ಈ ಬಗ್ಗೆ ಯೋಚಿಸಬೇಕು.

ಗಡಿಯ ಈಚೆಗಿನ ನಮಗೆ ಮರೆವು ಆಸ್ಪತ್ರೆಯ ವಿಷಯವಷ್ಟೇ ಅಲ್ಲ. ಮನೆಯಲ್ಲಿ ಕನ್ನಡ ಆಡುತ್ತಾ, ಅಜ್ಜಿಯ ಹಾಡು ಹಂತಿಪದಗಳನ್ನು ಕೇಳುತ್ತಾ ಬೆಳೆದೂ ಕನ್ನಡ ಅಕ್ಷರ ಓದಲು ಬಾರದ ಮಕ್ಕಳು ನಮ್ಮ ಪ್ರತಿ ಓಣಿಯಲ್ಲಿಯೂ ಇದ್ದಾರೆ. ಅವರಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಅದು ಸಂತೋಷದ ವಿಷಯ. ಆದರೆ ಅವರ ಮನೆಯ ಹಳೆಯ ಕಾಗದಪತ್ರ ಅವರಿಗೇ ಅಪರಿಚಿತ. ಆಡುನುಡಿ ಭಾವವನ್ನು ಉಳಿಸುತ್ತದೆ, ಸಾನ್‌ಪೇ ಹೇಳುವಂತೆ. ವಿವರವನ್ನು ಉಳಿಸಲು ಮಿಯಾಬಿಯ ದಿನಚರಿಯಂಥದು ಬೇಕಾಗುತ್ತದೆ. ಆ ದಿನಚರಿಯನ್ನು ಓದಬಲ್ಲವರು ಇಲ್ಲಿ ಐಚ್ಛಿಕ ಕನ್ನಡದ ತರಗತಿಯಲ್ಲಿ ಕುಳಿತಿದ್ದಾರೆ.

ಇವು ಮೊದಲ ಕಂತುಗಳ ಮಾತು. ಬೀಜ ಒಳ್ಳೆಯದಿದ್ದೂ ಬೆಳೆ ಕೆಡಬಹುದು, ಅಪಘಾತದಿಂದ ತೊಡಗಿದ ಕಥೆಯೂ ವಿಮರ್ಶಸಂಧಿಯಲ್ಲಿ ಎದ್ದು ನಿಲ್ಲಬಹುದು. 2024ರ ಜೂನ್ ಕೊನೆಯ ಹೊತ್ತಿಗೆ ‘ಅನ್‌ಮೆಟ್’ ಮುಗಿಯಿತು. ಮಿಯಾಬಿಯ ಅಪಘಾತದ ಹಿಂದಿನ ರಹಸ್ಯವನ್ನು ಬಿಡಿಸುವ ಭರದಲ್ಲಿ ಅವಳ ನಿತ್ಯದ ಬರವಣಿಗೆ ಹಿಂದೆ ಬೀಳುತ್ತದೆಯೇ ಎಂಬುದನ್ನು ನೋಡಬೇಕು. ತೋಮೊಕೊಳ ಮುಂದೆ ಯುದ್ಧದ ವರ್ಷಗಳಿವೆ. ನದಿಯ ದಂಡೆಯ ಅಳುವಿಗೆ ಕಥೆ ಹೇಗೆ ಮರಳಿ ಬರುತ್ತದೆ ಎಂಬ ಕುತೂಹಲ ನನ್ನದು. ವಸಂತದ ಕಂತುಗಳಲ್ಲಿ ಮಾಹಿರೊ ಇನ್ನೂ ಗೆಂಜಿಯ ಮೊದಲ ವಾಕ್ಯ ಬರೆದಿರಲಿಲ್ಲ. ನಿಮ್ಮಲ್ಲಿ ಯಾರಾದರೂ ಇವುಗಳಲ್ಲಿ ಒಂದರ ಮೊದಲ ಕಂತನ್ನು ನೋಡಿ, ಅದರಲ್ಲಿ ಬೀಜ ಯಾವುದೆಂದು ಎರಡು ಪುಟ ಕನ್ನಡದಲ್ಲಿ ಬರೆದು ತಂದರೆ ಓದಲು ನಾನು ಸಿದ್ಧ. ನನ್ನ ಮಾತನ್ನು ಒಪ್ಪದೆ ಬರೆದರೆ ಇನ್ನೂ ಒಳ್ಳೆಯದು.